ಬ್ಯಾಕಪ್ಪಿನ ಗಟ್ಟಿಮೇಳ

‘ಡಿಫಾಲ್ಟ್’ ಎಂಬ ಪದ ಕಿವಿಗೆ ಬಿದ್ದರೆ ಬದರೀನಾರಾಯಣರಿಗೆ ಇವತ್ತಿಗೂ ಮೈ ಉರಿಯುತ್ತದೆ. ಸಹಕಾರಿ ಬ್ಯಾಂಕೊಂದರ ವಸೂಲಿ ವಿಭಾಗದಲ್ಲಿ ತಲೆ ನರೆಸಿಕೊಂಡವರು ಅವರು. ಅವರ ನಿಘಂಟಿನಲ್ಲಿ ಡಿಫಾಲ್ಟ್ ಎಂದರೆ ಸಾಲ ತೆಗೆದುಕೊಂಡು, ಬ್ಯಾಂಕಿನವರು ಮುಂಬಾಗಿಲು ತಟ್ಟಿದ ಕೂಡಲೇ ಹಿತ್ತಿಲ ಬಾಗಿಲಿಂದ ಪರಾರಿಯಾಗುವ ವಿದ್ಯೆ. ಹೀಗಿರುವಾಗ ಸ್ವಂತ ಮನೆಯ ಹಜಾರದಲ್ಲಿ, ಸ್ವಂತ ಹೆಂಡತಿಯ ಕಂಪ್ಯೂಟರು, ‘ಮೊದಲು ನಿಮ್ಮ ಡಿಫಾಲ್ಟುಗಳನ್ನು ಹೊಂದಿಸಿ’ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿದರು.

“ನನ್ನ ಡಿಫಾಲ್ಟಾ? ಜನ್ಮದಲ್ಲಿ ಒಂದು ಕಂತು ತಪ್ಪಿಸಿದವನಲ್ಲ ನಾನು,” ಎಂದರು.

“ಅದಕ್ಕೆ ನಿಮ್ಮ ಚರಿತ್ರೆ ಬೇಕಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡಿ,” ಎಂದರು ಒಳಗಿಂದ ಗಿರಿಜಾಂಬಾ.

ಕಂಪ್ಯೂಟರು ಗಿರಿಜಾಂಬಾ ಅವರದು. ಚಾಮರಾಜಪೇಟೆಯ ಆ ಮನೆಯ ಹಜಾರದಲ್ಲಿ ಅವರು ‘ಶುಭಸ್ಯ ಶೀಘ್ರಂ ವಧೂವರ ಮಾಹಿತಿ ಕೇಂದ್ರ’ ನಡೆಸುತ್ತಾರೆ. ಮೊಬೈಲಿನಲ್ಲೇ ಗಂಡು ಹೆಣ್ಣು ಸಿಗುವ ಈ ಕಾಲದಲ್ಲಿ ಇವರ ಹತ್ತಿರ ಯಾರು ಬರುತ್ತಾರೆ ಎಂದು ನೀವು ಕೇಳಬಹುದು. ಮೊಬೈಲಿನಲ್ಲಿ ನೋಡಿ ನೋಡಿ ಹೆಬ್ಬೆರಳು ಸವೆಸಿಕೊಂಡವರು ಬರುತ್ತಾರೆ. “ಅಲ್ಲಿ ಬರೀ ಫೋಟೊ ಇರುತ್ತೆ, ಇಲ್ಲಿ ನಾನಿರ್ತೀನಿ,” ಎನ್ನುವುದು ಗಿರಿಜಾಂಬಾ ಅವರ ಜಾಹೀರಾತು. ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ಮದುವೆಗೆ ಬಂದ ಮಕ್ಕಳ ಜಾತಕ, ಎತ್ತರ, ಓದು, ಕೆಲಸ, ಈರುಳ್ಳಿ ತಿನ್ನುತ್ತಾರೋ ಇಲ್ಲವೋ ಎಂಬ ಸೂಕ್ಷ್ಮ, ಎಲ್ಲವೂ ಆ ಡಬ್ಬಿಯೊಳಗೆ ಭದ್ರವಾಗಿತ್ತು. ನಿವೃತ್ತರಾದ ಮೇಲೆ ಬದರೀನಾರಾಯಣರಿಗೆ ಕೇಂದ್ರದ ಕಾಫಿ ವಿಭಾಗದ ಮುಖ್ಯಸ್ಥರ ಹುದ್ದೆ ಸಿಕ್ಕಿತ್ತು. (ಸಹಾಯಕರಿಲ್ಲ. ಲೋಟ ತೊಳೆಯುವುದೂ ಅದೇ ವಿಭಾಗಕ್ಕೆ ಸೇರುತ್ತದೆ.)

ಒಂದು ದಿನ ಆ ಡಬ್ಬಿಯೊಳಗಿಂದ ತೆಂಗಿನಕಾಯಿ ತುರಿಯುವಂಥ ಸದ್ದು ಬರತೊಡಗಿತು. ಬದರೀನಾರಾಯಣರು ಅದನ್ನು ಆಟೊದಲ್ಲಿ ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಎಸ್‌.ಪಿ. ರೋಡಿನ ಅಂಗಡಿಯೊಂದಕ್ಕೆ ಒಯ್ದರು. ಅಂಗಡಿಯವನು ಡಬ್ಬಿಗೆ ಕಿವಿಯಿಟ್ಟು, ಡಾಕ್ಟರ ಮುಖ ಮಾಡಿಕೊಂಡ.

“ಡಿಸ್ಕ್ ಜಾಸ್ತಿ ದಿನ ಬಾಳಲ್ಲ ಸಾರ್. ಹೊಸದು ಹಾಕೋಣ, ಆದ್ರೆ ನಮ್ಮ ಹತ್ರ ಬರೋಕೆ ವಾರ ಹತ್ತು ದಿನ ಆಗುತ್ತೆ. ಅಲ್ಲೀವರ್ಗೂ ಬ್ಯಾಕಪ್ ತಗೊಳ್ತಾ ಇರಿ,” ಎಂದು ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆಯನ್ನೂ ಅದಕ್ಕೆ ಬೇಕಾದ ಸಾಫ್ಟ್‌ವೇರನ್ನೂ ಕೊಟ್ಟ.

“ಇಷ್ಟು ಸಣ್ಣದರಲ್ಲಿ ಎಲ್ಲಾ ಕಾಪಿ ಆಗುತ್ತೇನಯ್ಯ?”

“ಕಾಪಿ ಅಲ್ಲ ಸಾರ್, ಇಮೇಜು. ಕಾಪಿ ಅಂದ್ರೆ ಮನೆ ಸಾಮಾನು ಪಕ್ಕದ ಮನೇಲಿಟ್ಟ ಹಾಗೆ. ಇಮೇಜು ಅಂದ್ರೆ ಇಡೀ ಮನೇನೇ. ಗೋಡೆ, ಬಾಗಿಲು, ಕ್ಯಾಲೆಂಡರ್ ನೇತಾಕಿರೋ ಮೊಳೆ ಸಮೇತ. ನಾಳೆ ಮನೆ ಬಿದ್ದೋದ್ರೂ ಚಿಂತೆ ಇಲ್ಲ. ಅದೇ ಜಾಗದಲ್ಲಿ ಅದೇ ಮನೆ ಎದ್ದು ನಿಲ್ಲುತ್ತೆ.”

ಬದರೀನಾರಾಯಣರು ದಂಗಾದರು. ಬಾಲಕೃಷ್ಣನ ಬಾಯೊಳಗೆ ಇಣುಕಿದ ಯಶೋದೆಗೂ ಇಷ್ಟು ಆಶ್ಚರ್ಯವಾಗಿತ್ತೋ ಇಲ್ಲವೋ. ವಾಪಸು ಬರುವಾಗ ದಾರಿಯುದ್ದಕ್ಕೂ, “ಹಂಪ್ಸ್ ಹತ್ರ ನಿಧಾನ ಕಣಪ್ಪ, ಇದರೊಳಗೆ ಸಾವಿರಾರು ಜನ ಇದಾರೆ,” ಎಂದು ಆಟೊದವನಿಗೆ ಹೇಳುತ್ತಲೇ ಬಂದರು. (ಪೆಟ್ಟಿಗೆ ಇನ್ನೂ ಖಾಲಿಯಿತ್ತು ಎಂಬುದು ಬೇರೆ ಮಾತು.)

ಮನೆಗೆ ಬಂದು ಸಾಫ್ಟ್‌ವೇರು ತೆರೆದಾಗ ಎದುರಾದದ್ದೇ ಆ ಡಿಫಾಲ್ಟುಗಳ ಪುಟ. ಎಡಗಡೆ ಒಂದು ಉದ್ದನೆಯ ಸಾಲು. ಒಂದನ್ನು ಒತ್ತಿದರೆ ಬಲಗಡೆ ನಾಲ್ಕು ಪ್ರಶ್ನೆ. ನೀವು ಏನೂ ಹೇಳದಿದ್ದರೆ ಸಾಫ್ಟ್‌ವೇರು ತನ್ನ ವಾಡಿಕೆಯಂತೆ ನಡೆದುಕೊಳ್ಳುತ್ತದೆ, ಆ ವಾಡಿಕೆಗೇ ಡಿಫಾಲ್ಟ್ ಎನ್ನುತ್ತಾರೆ ಎಂಬುದು ಬದರೀನಾರಾಯಣರಿಗೆ ನಿಧಾನವಾಗಿ ಹೊಳೆಯಿತು. ಹೊಳೆದ ಮೇಲೆ ಅವರಿಗೆ ಗೌರವ ಬಂತು. ಅವರ ಮನೆಯಲ್ಲೂ ಅವರು ಏನೂ ಹೇಳದಿದ್ದರೆ ಎಲ್ಲವೂ ಗಿರಿಜಾಂಬಾ ಅವರ ವಾಡಿಕೆಯಂತೆ ನಡೆಯುತ್ತಿತ್ತು. ಹೇಳಿದರೂ ಹಾಗೇ ನಡೆಯುತ್ತಿತ್ತು. ಆದರೆ ಈ ಪುಣ್ಯಾತ್ಮ ಸಾಫ್ಟ್‌ವೇರು ಪ್ರತಿಯೊಂದಕ್ಕೂ ಅವರ ಅಭಿಪ್ರಾಯ ಕೇಳುತ್ತಿತ್ತು. ಅಷ್ಟು ಮರ್ಯಾದೆ ಅವರಿಗೆ ಬ್ಯಾಂಕಿನಲ್ಲೂ ಸಿಕ್ಕಿರಲಿಲ್ಲ.

“ಎಷ್ಟು ಒತ್ತಬೇಕು ಅಂತ ಕೇಳ್ತಿದೆ ಕಣೇ,” ಎಂದು ಕೂಗಿದರು.

“ಏನನ್ನ?”

“ಹುಡುಗ ಹುಡುಗೀರನ್ನೆಲ್ಲ. ಒತ್ತಿ ಇಟ್ರೆ ಜಾಗ ಉಳಿಯುತ್ತಂತೆ.”

“ಏನೂ ಬೇಡ. ಮೊದಲೇ ಆ ಬಸವನಗುಡಿ ಹುಡುಗಿ ಮುಖ ಅಗಲ ಅಂತ ಮೂರು ಕಡೆ ಬೇಡ ಅಂದಿದಾರೆ. ಇನ್ನು ಒತ್ತಿ ಚಪ್ಪಟೆ ಮಾಡಿದ್ರೆ ಯಾರು ಒಪ್ತಾರೆ?”

ಒತ್ತಡ ಬೇಡವೆಂದಾಯಿತು. ಮುಂದಿನ ಪ್ರಶ್ನೆ, ಬ್ಯಾಕಪ್ ಕೆಲಸಕ್ಕೆ ಎಷ್ಟು ಪ್ರಾಮುಖ್ಯ ಕೊಡಬೇಕು ಎಂಬುದು. ‘ಕಡಿಮೆ’ ಎಂದು ಮೊದಲೇ ಗುರುತಾಗಿತ್ತು. ಮಿಕ್ಕೆಲ್ಲರ ಕೆಲಸವಾದ ಮೇಲೆ, ಯಾರಿಗೂ ಅಡ್ಡಿಯಾಗದಂತೆ, ಮೂಲೆಯಲ್ಲಿ ಕೂತು ತನ್ನ ಪಾಡಿಗೆ ತಾನು ದುಡಿಯುವುದು ಎಂದು ಅದಕ್ಕೆ ವಿವರಣೆ. ಬದರೀನಾರಾಯಣರು ಆ ಸಾಲನ್ನು ಬಂಧುವನ್ನು ಕಂಡಂತೆ ನೋಡಿ, ಹಾಗೇ ಬಿಟ್ಟರು. ಕೆಲಸ ಮುಗಿದ ಮೇಲೆ ಸರಿಯಾಗಿದೆಯೇ ಎಂದು ತಾನೇ ತಪಾಸಣೆ ಮಾಡಿಕೊಳ್ಳಬೇಕೇ? ಮಾಡಿಕೊಳ್ಳಲಿ. ಈ ಬುದ್ಧಿ ತಮ್ಮ ಬ್ಯಾಂಕಿಗಿದ್ದಿದ್ದರೆ ಎಂದು ನಿಟ್ಟುಸಿರಿಟ್ಟು ಟಿಕ್ ಹಾಕಿದರು.

“ಯಾವಾಗ ಶುರು ಮಾಡಬೇಕು ಅಂತ ಕೇಳ್ತಿದೆ.”

“ನನ್ನ ಕೆಲಸಕ್ಕೆ ಅಡ್ಡ ಬರದೆ ಇದ್ರೆ ಸರಿ.”

ಅದಕ್ಕೂ ಒಂದು ಅನುಕೂಲವಿತ್ತು. ಮೌಸನ್ನಾಗಲಿ ಕೀಲಿಗಳನ್ನಾಗಲಿ ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ, ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿದು ಅದು ತಾನಾಗಿಯೇ ಬ್ಯಾಕಪ್ ಶುರುಮಾಡುತ್ತದೆ. ಮೊದಲ ಸಲ ಇಡೀ ಪಡಿಯಚ್ಚು. ಆಮೇಲೆ ಬದಲಾದಷ್ಟು ಮಾತ್ರ, ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಸೇವಕನೆಂದರೆ ಇವನು ಎಂದುಕೊಂಡರು ಬದರೀನಾರಾಯಣರು.

ಕೊನೆಯದು, ಮುಗಿದಾಗ ಯಾವ ಸದ್ದು ಮಾಡಬೇಕು ಎಂಬುದು. ಸಾಫ್ಟ್‌ವೇರಿನ ವಾಡಿಕೆ, ಒಂದು ಸಣ್ಣ ‘ಟಿಂಗ್’. ಮಿಕ್ಸಿ ತಿರುಗುವ ಅಡುಗೆಮನೆಯಲ್ಲಿರುವ, ಎಡಗಿವಿ ಸ್ವಲ್ಪ ಮಂದವಾಗಿರುವ ಮನುಷ್ಯನಿಗೆ ಟಿಂಗ್ ಏನು ಕೇಳಿಸೀತು? ಬೇರೆ ಏನಾದರೂ ಇದೆಯೇ ಎಂದು ಹುಡುಕಿದಾಗ, ತಂಗಿಯ ಮಗನ ಮದುವೆಯಲ್ಲಿ ಹಿಡಿದಿಟ್ಟಿದ್ದ ನಾದಸ್ವರ ಸಿಕ್ಕಿತು. ತಾಳಿ ಕಟ್ಟುವಾಗಿನ ಗಟ್ಟಿಮೇಳ. ಅದನ್ನೇ ಇಟ್ಟು, ‘ಡಿಫಾಲ್ಟ್ ಆಗಿ ಉಳಿಸು’ ಎಂಬುದನ್ನು ಒತ್ತಿ, ಆ ಡಿಫಾಲ್ಟುಗಳ ಪ್ರಕಾರ ಒಂದು ಬ್ಯಾಕಪ್ ಟಾಸ್ಕ್ ಸಿದ್ಧಪಡಿಸಿ, ಪ್ರಾರಂಭಿಸಿದರು. ಮಧ್ಯಾಹ್ನ, ಗಿರಿಜಾಂಬಾ ಹೂವಿಗೆಂದು ಗಾಂಧಿ ಬಜಾರಿಗೆ ಹೋಗಿದ್ದಾಗ, ಖಾಲಿ ಹಜಾರದಲ್ಲಿ ಡೋಲು ಮೊಳಗಿತು. ಬದರೀನಾರಾಯಣರು ಓಡಿಬಂದು ಆ ಇಮೇಜು ತೆರೆದು ನೋಡಿದರು. ಎಲ್ಲಾ ಇತ್ತು. ಎಲ್ಲ ಮುಖಗಳೂ, ಎಲ್ಲ ನಕ್ಷತ್ರಗಳೂ, ಹೆಂಡತಿ ಅರ್ಧಕ್ಕೆ ಬರೆದು ಬಿಟ್ಟಿದ್ದ ಸಾರಿನ ಪುಡಿಯ ಅಳತೆಯೂ. ಅವರು ಸ್ವಲ್ಪ ಹೊತ್ತು ಕೈಕಟ್ಟಿ ನಿಂತೇ ಇದ್ದರು. ಆ ವಿಸ್ಮಯದಲ್ಲಿ, ಸದ್ದಿನ ವಿಷಯ ಹೆಂಡತಿಗೆ ಹೇಳುವುದು ಮರೆತೇಹೋಯಿತು.

ಮಾರನೆಯ ದಿನ ಶಂಕರಪುರದ ಜಾನಕಮ್ಮ ತಮ್ಮ ಮಗ ಕಶ್ಯಪನನ್ನು ಕರೆದುಕೊಂಡು ಬಂದರು. ಈ ಜಾನಕಮ್ಮ ಸಾಮಾನ್ಯರಲ್ಲ. ಒಬ್ಬಳು ಎತ್ತರ ಎಂದು, ಒಬ್ಬಳು ಜೋರಾಗಿ ನಗುತ್ತಾಳೆಂದು, ಇನ್ನೊಬ್ಬಳ ಮನೆಯಲ್ಲಿ ಉಪ್ಪಿಟ್ಟಿಗೆ ಬಟಾಣಿ ಹಾಕಿದ್ದರೆಂದು, ಕಂಡ ಕಂಡ ಹುಡುಗಿಯರನ್ನೆಲ್ಲ ತಳ್ಳಿಹಾಕಿದವರು. ಗಿರಿಜಾಂಬಾ ಆರಾಧನಾ ಎಂಬ ಹುಡುಗಿಯ ಫೋಟೊ ತೆರೆದಿಟ್ಟು, ಕಾಫಿ ತಡವಾಯಿತೆಂದು ಗಂಡನನ್ನು ಎಚ್ಚರಿಸಲು ಒಳಗೆ ಹೋದರು. ಜಾನಕಮ್ಮ ಫೋಟೊದಲ್ಲಿ ಲೋಪ ಹುಡುಕಿದರು. ಸಿಗಲಿಲ್ಲ. ಸಿಗದಿದ್ದಾಗ ಅವರು ತಮ್ಮ ಮದುವೆಯ ಕಥೆ ಶುರುಮಾಡುವುದು ರೂಢಿ. ಆ ಕಥೆ ವರಪೂಜೆಯಿಂದ ಹೊರಟು ಧಾರೆಯ ಹತ್ತಿರ ಬಂತು. ಕಶ್ಯಪ ಅಮ್ಮನ ಮಾತಿಗೆ ತಲೆಯಾಡಿಸುತ್ತ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಆರಾಧನಾಳ ಫೋಟೊವನ್ನೇ ನೋಡುತ್ತ ಕುಳಿತಿದ್ದ. ಮೌಸು ತನ್ನ ಪಾಡಿಗೆ ತಾನು ಬಿದ್ದಿತ್ತು.

ಇದ್ದಕ್ಕಿದ್ದಂತೆ ಡಬ್ಬಿಯೊಳಗಿಂದ ಗಟ್ಟಿಮೇಳ. ಢಮ ಢಮ ಢಮ ಢಮ ಎಂದು ಡೋಲು, ಅದರ ನೆತ್ತಿಯ ಮೇಲೆ ನಾದಸ್ವರ. ಜಾನಕಮ್ಮನ ಬಾಯಲ್ಲಿ ಧಾರೆ ಅರ್ಧಕ್ಕೆ ನಿಂತಿತು. ಗಿರಿಜಾಂಬಾ ಬಾಗಿಲಲ್ಲಿ ಕಂಬದಂತೆ ನಿಂತರು. ಅಡುಗೆಮನೆಯಿಂದ ಬದರೀನಾರಾಯಣರು ಕೈಯಲ್ಲಿ ಕಾಫಿ ಫಿಲ್ಟರು ಹಿಡಿದೇ ಓಡಿಬಂದು, “ಆಯ್ತಾ? ಎಲ್ಲಾ ಸರಿಯಾಗಿ ಆಯ್ತಾ? ಸದ್ಯ, ಗೆದ್ದೆವು,” ಎಂದರು.

ಜಾನಕಮ್ಮ ಎದ್ದು ನಿಂತು ಕೈಮುಗಿದರು. “ಆಯ್ತು ಅಂತ ಯಜಮಾನರ ಬಾಯಲ್ಲೇ ಬಂತು. ಇನ್ನು ನಮ್ಮದೇನಿದೆ.”

“ಅಲ್ಲ, ಅದು ಬ್ಯಾಕಪ್ಪು...”

“ಹೌದು. ಮೇಲಿರೋನ ಬ್ಯಾಕಪ್ಪಿಲ್ದೆ ಇಂಥಾದ್ದೆಲ್ಲ ಆಗುತ್ತಾ?”

ಕಶ್ಯಪನ ಮುಖ ನೋಡಿದರೆ, ದೇವರು ತನ್ನ ಪರವಾಗಿ ಮಾತಾಡಿದ್ದು ಅವನಿಗೂ ಇದೇ ಮೊದಲ ಸಲವೆಂದು ತಿಳಿಯುತ್ತಿತ್ತು. ಗಿರಿಜಾಂಬಾ ಅವರ ಕಣ್ಣಲ್ಲಿ ನೀರು ತುಂಬಿತ್ತು. ಗಂಡನ ಯಾವ ಸಾಧನೆಗೂ ಬಾರದ ಆ ನೀರನ್ನು ನೋಡಿ, ಬದರೀನಾರಾಯಣರ ನಾಲಿಗೆಯ ತುದಿಗೆ ಬಂದಿದ್ದ ಸತ್ಯ ಫಿಲ್ಟರಿನೊಂದಿಗೆ ಒಳಗೆ ಹೋಯಿತು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಜಾನಕಮ್ಮ ಹೇಳಿದ ಮೇಲೆ ಗಾಂಧಿ ಬಜಾರಿನ ಹೂವಿನವರಿಗೆ ಗೊತ್ತಾಯಿತು, ಅವರಿಂದ ವಿಶ್ವೇಶ್ವರಪುರಕ್ಕೆ ತಿಂಡಿ ತಿನ್ನಲು ಹೋದವರಿಗೆಲ್ಲ ಗೊತ್ತಾಯಿತು. ಸರಿಯಾದ ಜೋಡಿ ಕಂಡರೆ ಗಿರಿಜಾಂಬಾ ಅವರ ಕಂಪ್ಯೂಟರಿನಲ್ಲಿ ತಾನಾಗಿಯೇ ಗಟ್ಟಿಮೇಳ ಮೊಳಗುತ್ತದಂತೆ. ಜನ ಬಂದರು. ಚಪ್ಪಲಿ ಹೊರಗೆ ಬಿಟ್ಟು ಬಂದರು. ಯಾರೋ ಡಬ್ಬಿಗೆ ಕುಂಕುಮವಿಟ್ಟರು. ಯಾರೋ ಜರಿ ಅಂಚಿನ ವಸ್ತ್ರ ಹೊದಿಸಿದರು. ಗಾಳಿಯಾಡುವ ಕಿಂಡಿ ಮುಚ್ಚುತ್ತದೆಂದು ಬದರೀನಾರಾಯಣರು ಅದನ್ನು ತೆಗೆದಾಗ ಜನ ಅವರನ್ನು ನಾಸ್ತಿಕನನ್ನು ನೋಡುವಂತೆ ನೋಡಿದರು. ಅದಕ್ಕೆ ಸರಿಯಾಗಿ, ಮೇಳ ಆಗಾಗ ಮೊಳಗುತ್ತಲೂ ಇತ್ತು. ಮೌಸು ಓಡಿಸಿ ಓಡಿಸಿ ಫೋಟೊ ದಾಟಿಸುವವರಿಗೆ ಏನೂ ಕೇಳಿಸುತ್ತಿರಲಿಲ್ಲ. ಎಲ್ಲೋ ಒಂದು ಮುಖದ ಮುಂದೆ ಕೈಬಿಟ್ಟು ಕುಳಿತವರಿಗೆ ಮಾತ್ರ ಕೇಳಿಸುತ್ತಿತ್ತು. ಯಾರೂ ಮುಟ್ಟದೆ ಸ್ವಲ್ಪ ಹೊತ್ತಾಯಿತು, ಸಾಫ್ಟ್‌ವೇರು ತನ್ನ ಕೆಲಸ ಮುಗಿಸಿತು, ಅಷ್ಟೇ. ಅದು ಬದರೀನಾರಾಯಣರಿಗೊಬ್ಬರಿಗೇ ಗೊತ್ತಿತ್ತು. ಲೋಟ ತೊಳೆಯುತ್ತ ತೊಳೆಯುತ್ತ ಅವರು ಆ ರಹಸ್ಯದ ಭಾರಕ್ಕೆ ಬಗ್ಗಿಹೋದರು.

“ಗಿರಿಜಾ, ಆ ಗಟ್ಟಿಮೇಳ ಇದೆಯಲ್ಲ...” ಎಂದು ಒಮ್ಮೆ ಶುರುಮಾಡಿದರು.

“ಅದರ ವಿಷಯ ಎತ್ತಬೇಡಿ. ಕೆಲವನ್ನ ಬಾಯಿ ಬಿಟ್ಟು ಹೇಳಬಾರದು,” ಎಂದರು ಗಿರಿಜಾಂಬಾ.

ಭಕ್ತಿ ಇಷ್ಟು ಆಳಕ್ಕಿಳಿದಿದೆಯಲ್ಲ ಎಂದು ಅವರು ಸುಮ್ಮನಾದರು.

ಹೀಗೇ ಸುಮ್ಮನಿರುತ್ತಿದ್ದರೇನೋ. ಆದರೆ ಮಲ್ಲೇಶ್ವರದಿಂದ ವೇಣುಗೋಪಾಲರಾಯರು ಬಂದರು. ಸಂಗೀತದ ಹುಚ್ಚಿನ ಮನುಷ್ಯ, ಮಗಳಿಗೆ ಶಿವರಂಜಿನಿ ಎಂದೇ ಹೆಸರಿಟ್ಟವರು. ಮಗಳು ಹಲ್ಲಿನ ಡಾಕ್ಟರು. ಅಪ್ಪನಿಗೆ ನಾದದಲ್ಲಿ ಎಷ್ಟು ನಂಬಿಕೆಯೋ ಮಗಳಿಗೆ ಅಷ್ಟೇ ಅಪನಂಬಿಕೆ. ರಾಯರು ತಾವೇ ಆರಿಸಿ ಒಬ್ಬ ಹುಡುಗನ ಫೋಟೊ ತೆರೆದಿಟ್ಟುಕೊಂಡರು. ಕಪ್ಪು ಕನ್ನಡಕ ಹಾಕಿಕೊಂಡು, ತನ್ನದಲ್ಲದ ಕಾರಿಗೆ ಒರಗಿ ನಿಂತ ಹುಡುಗ. ಅಷ್ಟರಲ್ಲಿ ಅವರಿಗೊಂದು ಫೋನು ಬಂತು, ವರಾಂಡಕ್ಕೆ ಹೋದರು. ಗಿರಿಜಾಂಬಾ ಪಂಚಾಂಗ ತರಲು ಒಳಗೆ ಹೋದರು. ಶಿವರಂಜಿನಿ ಕುರ್ಚಿಯನ್ನು ಅತ್ತ ತಿರುಗಿಸಿಕೊಂಡು ತನ್ನ ಮೊಬೈಲು ನೋಡುತ್ತ ಕುಳಿತಳು. ಫೋಟೊವನ್ನು ಆ ಹೊತ್ತು ನೋಡುತ್ತಿದ್ದುದು ಗೋಡೆಯ ಮೇಲಿನ ಹಲ್ಲಿ ಮಾತ್ರ.

ಗಟ್ಟಿಮೇಳ ಮೊಳಗಿತು.

ರಾಯರು ಫೋನು ಕಿವಿಯಲ್ಲಿಟ್ಟುಕೊಂಡೇ ಓಡಿಬಂದು, ಕಪ್ಪು ಕನ್ನಡಕದ ಹುಡುಗನನ್ನು ನೋಡಿ, ತಾಳ ಹಾಕುತ್ತ ನಿಂತುಬಿಟ್ಟರು. “ನಾದ ಸುಳ್ಳು ಹೇಳಲ್ಲ ಗಿರಿಜಾಂಬಾ ಅವರೇ. ಇವತ್ತೇ ಮಾತು ಆಡಿಬಿಡ್ತೀನಿ.”

ಗಿರಿಜಾಂಬಾ ಶಿವರಂಜಿನಿಯ ಮುಖ ನೋಡಿದರು, ಅತ್ತ ತಿರುಗಿದ್ದ ಕುರ್ಚಿ ನೋಡಿದರು. “ಅವಸರ ಬೇಡ ರಾಯರೇ. ಇಂಥ ವಿಷಯ ಎರಡನೇ ಸಲ ಕೇಳಬೇಕು, ನಮ್ಮಲ್ಲಿ ಹಾಗೇ ಕ್ರಮ. ಗುರುವಾರ ಬನ್ನಿ.”

ಅಂಥ ಕ್ರಮವೊಂದಿದೆ ಎಂಬುದು ಬದರೀನಾರಾಯಣರಿಗೆ ಆಗಲೇ ಗೊತ್ತಾದದ್ದು. ಗೇಟಿನ ಹತ್ತಿರ ಶಿವರಂಜಿನಿ ಅಪ್ಪನಿಂದ ಹಿಂದುಳಿದು ಅವರಿಗೆ ಹೇಳಿದಳು. “ಅಂಕಲ್, ನಾನು ಆ ಫೋಟೊನ ನೋಡ್ಲೇ ಇಲ್ಲ. ನಮ್ಮಪ್ಪ ನನ್ನ ಮಾತು ಕೇಳಲ್ಲ, ನಿಮ್ಮ ಡಬ್ಬಿ ಮಾತು ಕೇಳ್ತಾರೆ. ದಯವಿಟ್ಟು ಅದಕ್ಕೆ ನೀವಾದ್ರೂ ಒಂದ್ಮಾತು ಹೇಳಿ.”

ಅವಳು ತಮಾಷೆಗೆ ಹೇಳಿದಳೋ, ಅಳುವುದನ್ನು ತಡೆಯಲು ಹೇಳಿದಳೋ, ಬದರೀನಾರಾಯಣರಿಗೆ ತಿಳಿಯಲಿಲ್ಲ. ಆದರೆ ಆ ದಿನ ಅವರಿಗೆ ಊಟ ಸೇರಲಿಲ್ಲ. ತನ್ನ ಕಿವಿ ಮಂದವೆಂಬ ಒಂದೇ ಕಾರಣಕ್ಕೆ ಒಂದು ಹೆಣ್ಣುಮಗಳು ಜೀವನಪರ್ಯಂತ ಆ ಕಪ್ಪು ಕನ್ನಡಕದ ಹಿಂದೆ ಹೋಗಬೇಕೇ?

ಬುಧವಾರ ಗಿರಿಜಾಂಬಾ ಹೊರಗೆ ಹೋದ ಹೊತ್ತು ನೋಡಿ ಅವರು ಕಂಪ್ಯೂಟರಿನ ಮುಂದೆ ಕುಳಿತರು. ಡಿಫಾಲ್ಟುಗಳ ಪುಟ ತೆರೆದರು. ಗಟ್ಟಿಮೇಳ ಕಿತ್ತುಹಾಕಿ ಟಿಂಗ್ ಇಟ್ಟರು. ಉಳಿಸಿದರು. ಉಳಿದಿದೆಯೇ ಎಂದು ಮತ್ತೆ ತೆರೆದು ನೋಡಿದರು. ಟಿಂಗ್ ಇತ್ತು. ಮುಚ್ಚಿ, ತೆರೆದು, ಇನ್ನೊಮ್ಮೆ ನೋಡಿದರು. ವಸೂಲಿ ವಿಭಾಗದಲ್ಲಿ ಎಂಥೆಂಥ ಘಟಾನುಘಟಿ ಡಿಫಾಲ್ಟರುಗಳನ್ನು ದಾರಿಗೆ ತಂದ ಕೈಯಿದು ಎಂದು ಅಂಗೈ ಉಜ್ಜಿಕೊಂಡರು.

ಗುರುವಾರ ರಾಯರು ಜರಿ ಪಂಚೆ ಉಟ್ಟು, ಹಣ್ಣುಕಾಯಿ ಸಮೇತ ಬಂದರು. ಗಿರಿಜಾಂಬಾ ಅವರನ್ನು ಸೋಫಾದಲ್ಲಿ ಕೂರಿಸಿ, “ನಿಮ್ಮ ಕಾಲದ ಕಛೇರಿಗಳ ಥರ ಈಗ ಯಾಕೆ ಇರಲ್ಲ ರಾಯರೇ?” ಎಂದು ಒಂದೇ ಒಂದು ಪ್ರಶ್ನೆ ಕೇಳಿದರು. ರಾಯರು ಹೊರಟರೆಂದರೆ ನಿಲ್ಲುವವರಲ್ಲ. ಇತ್ತ ಗಿರಿಜಾಂಬಾ ಶಿವರಂಜಿನಿಯನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಬೇರೊಂದು ಪುಟ ತೆರೆದಿಟ್ಟರು.

“ನಿಧಾನವಾಗಿ ಓದಮ್ಮ. ಒಂದೇ ಪುಟ ಇರೋದು, ಮೌಸ್ ಮುಟ್ಟೋದೇ ಬೇಕಿಲ್ಲ.”

ಅದು ಸಂಕರ್ಷಣ ಎಂಬುವವನ ವಿವರ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ತನ್ನ ವಿವರ ತಾನೇ ಬರೆದಿದ್ದ. ಸ್ವಂತ ಮನೆ ಎಂಬಲ್ಲಿ ‘ಸ್ವಂತ ಅಮ್ಮನ ಮನೆ’ ಎಂದಿತ್ತು. ಅಡುಗೆ ಎಂಬಲ್ಲಿ ‘ಮಾಡಬಲ್ಲೆ, ತಿನ್ನುವವರು ಧೈರ್ಯಸ್ಥರಾಗಿರಬೇಕು’ ಎಂದಿತ್ತು. ದೌರ್ಬಲ್ಯ ಎಂಬಲ್ಲಿ ‘ಹಲ್ಲಿನ ಡಾಕ್ಟರೆಂದರೆ ಭಯ’ ಎಂದಿತ್ತು. ಅಲ್ಲಿಗೆ ಬಂದಾಗ ಶಿವರಂಜಿನಿಗೆ ನಗು ತಡೆಯಲಾಗಲಿಲ್ಲ. ಕೆನ್ನೆಗೆ ಕೈಕೊಟ್ಟು ಮತ್ತೆ ಮೊದಲಿಂದ ಓದಿದಳು. ಆಮೇಲೆ ಫೋಟೊದ ಹತ್ತಿರಕ್ಕೆ ಬಾಗಿ, ವೃತ್ತಿಯ ಅಭ್ಯಾಸದಿಂದಲೋ ಏನೋ, ಅವನ ನಗುವನ್ನೇ ಬಹಳ ಹೊತ್ತು ನೋಡಿದಳು. ಸೋಫಾದಲ್ಲಿ ರಾಯರು ಇನ್ನೂ ಕಛೇರಿಯ ಮೊದಲ ವರ್ಣದಲ್ಲೇ ಇದ್ದರು. ಬದರೀನಾರಾಯಣರು ಕಾಫಿ ತಟ್ಟೆ ಹಿಡಿದು, ಇನ್ನೇನು ಟಿಂಗ್ ಎನ್ನುತ್ತದೆ, ಈ ಗುಲ್ಲು ಇವತ್ತಿಗೆ ಮುಗಿಯುತ್ತದೆ ಎಂದು ಬಾಗಿಲಲ್ಲಿ ನಿರಾಳವಾಗಿ ನಿಂತಿದ್ದರು.

ಢಮ ಢಮ ಢಮ ಢಮ.

ಬದರೀನಾರಾಯಣರ ಮೈಯ ಒಂದೊಂದು ರೋಮವೂ ಎದ್ದು ನಿಂತಿತು. ಕಿತ್ತುಹಾಕಿದ್ದ ಮೇಳ. ತನ್ನ ಕೈಯಾರೆ ಅಳಿಸಿ, ಎರಡು ಸಲ ಪರೀಕ್ಷಿಸಿದ್ದ ಮೇಳ. ಅಲ್ಲಿ ಇಲ್ಲದ ನಾದಸ್ವರ ಈಗ ಹಜಾರ ತುಂಬಿ, ಕಿಟಕಿ ದಾಟಿ, ಬೀದಿಗೆ ಕೇಳಿಸುತ್ತಿತ್ತು. ಇಷ್ಟು ದಿನ ಲೋಕವೆಲ್ಲ ನಂಬಿದಾಗ ತಾನೊಬ್ಬನೇ ಒಳಗೊಳಗೇ ನಕ್ಕೆನಲ್ಲ, ಎಂಥ ಪಾಪಿ ನಾನು ಎನ್ನಿಸಿತು. ತಟ್ಟೆಯನ್ನು ಎಲ್ಲಿಟ್ಟರೋ ಅವರಿಗೇ ಗೊತ್ತಿಲ್ಲ. ಮುಂದಿನ ಕ್ಷಣದಲ್ಲಿ ಅವರು ಕಂಪ್ಯೂಟರಿನ ಡಬ್ಬಿಯ ಮುಂದೆ ಉದ್ದಕ್ಕೆ ಸಾಷ್ಟಾಂಗ ಬಿದ್ದಿದ್ದರು.

ಮನೆಯ ಯಜಮಾನನೇ ಬಿದ್ದ ಮೇಲೆ ರಾಯರು ನಿಂತಾರೆಯೇ? ಜರಿ ಪಂಚೆ ಸಮೇತ ಅವರೂ ಪಕ್ಕದಲ್ಲಿ ಬಿದ್ದರು. ಗಟ್ಟಿಮೇಳ ನಿಲ್ಲುವವರೆಗೆ ಇಬ್ಬರೂ ಏಳಲಿಲ್ಲ.

“ಅಪ್ಪಾ, ಇವರನ್ನ ಒಂದ್ಸಲ ಭೇಟಿ ಮಾಡ್ತೀನಿ,” ಎಂದಳು ಶಿವರಂಜಿನಿ ಕುರ್ಚಿಯಲ್ಲಿ ಕುಳಿತೇ.

ರಾಯರು ನೆಲದಿಂದ ತಲೆಯೆತ್ತಿದರು. “ಹಾಗಾದ್ರೆ ಮೊದಲ ಸಲ ಮೊಳಗಿದ್ದು?”

“ಅವತ್ತು ಆ ಫೋಟೊನ ಯಾರೂ ನೋಡ್ತಾನೇ ಇರ್ಲಿಲ್ಲ ರಾಯರೇ,” ಎಂದರು ಗಿರಿಜಾಂಬಾ. “ಯಾರೂ ನೋಡದ ಶಕುನಕ್ಕೆ ಲೆಕ್ಕ ಇಲ್ಲ. ಅದಕ್ಕೇ ತಾನೇ ಎರಡನೇ ಸಲ ಬನ್ನಿ ಅಂದಿದ್ದು.”

ಎಲ್ಲರೂ ಹೋದ ಮೇಲೆ ಬದರೀನಾರಾಯಣರು ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ, ಎಲ್ಲವನ್ನೂ ಹೆಂಡತಿಗೆ ನಿವೇದಿಸಿದರು. ಸದ್ದು ತಾನಿಟ್ಟದ್ದು, ತಾನೇ ತೆಗೆದದ್ದು, ತೆಗೆದ ಮೇಲೂ ಅದು ಮೊಳಗಿದ್ದು. “ನಾನು ಇಟ್ಟಾಗ ಅದು ಸಾಫ್ಟ್‌ವೇರು ಗಿರಿಜಾ. ನಾನು ತೆಗೆದ ಮೇಲೂ ಬಂತು ನೋಡು, ಅದು ದೇವರು.”

ಗಿರಿಜಾಂಬಾ ಎಣ್ಣೆ ಬಟ್ಟಲು ಕೆಳಗಿಟ್ಟರು.

“ರೀ, ಡಿಫಾಲ್ಟ್ ಬದಲಾಯಿಸಿದ್ರೆ ಇನ್ಮುಂದೆ ಮಾಡೋ ಟಾಸ್ಕಿಗೆ ಮಾತ್ರ ಅನ್ವಯ ಆಗುತ್ತೆ. ನೀವು ಮೊದಲೇ ಮಾಡಿಟ್ಟಿರೋ ಟಾಸ್ಕು ಹಳೇ ಥರಾನೇ ನಡೆಯುತ್ತೆ. ಆ ಪುಟದ ಕೆಳಗೇ ಬರೆದಿದೆ.”

“ನಿನಗೆ ಯಾವಾಗ ಗೊತ್ತಾಯ್ತು?”

“ಜಾನಕಮ್ಮ ಬಂದ ದಿನ ನಿಜವಾಗ್ಲೂ ದೇವರೇ ಅಂದ್ಕೊಂಡೆ. ಮಾರನೇ ದಿನ ನಾನು ಅಕ್ಕಿ ಆರಿಸ್ತಾ ಕೂತಿದ್ದಾಗ ಮತ್ತೆ ಮೊಳಗ್ತು. ಕಂಪ್ಯೂಟರಲ್ಲಿ ಕರೆಂಟ್ ಬಿಲ್ ತೆರೆದಿತ್ತು. ಕರೆಂಟ್ ಬಿಲ್ಲಿಗೂ ನನಗೂ ಎಂಥಾ ಗಟ್ಟಿಮೇಳ ಅಂತ ಕೂತು ಎಲ್ಲಾ ಓದಿದೆ.”

“ಮತ್ತೆ ಯಾಕೆ ತೆಗೀಲಿಲ್ಲ?”

“ಒಂದು ಮುಖದ ಮುಂದೆ ಅಷ್ಟು ಹೊತ್ತು ಕೈ ಕಟ್ಕೊಂಡು ಕೂರೋರು ಒಪ್ಪಿದ ಹಾಗೇ ರೀ. ಒಪ್ಪಿದ್ದು ಅವರಿಗೇ ಗೊತ್ತಿರಲ್ಲ. ಯಾರಾದ್ರೂ ಡೋಲು ಬಾರಿಸಿ ಹೇಳಬೇಕು. ಆ ಹುಡುಗಿ ವಿಷಯದಲ್ಲಿ ಎಡವಟ್ಟಾಯ್ತು, ಇವತ್ತು ಸರಿ ಮಾಡಿದೆ. ಇನ್ನು ಸಾಕು. ಜನ ಹುಡುಗನ ಮುಖ ನೋಡೋದು ಬಿಟ್ಟು ಡಬ್ಬಿ ಮುಖ ನೋಡ್ತಿದಾರೆ.”

ಎಂದವರೇ ಎದ್ದುಹೋಗಿ, ಟಾಸ್ಕನ್ನೇ ತೆರೆದು, ಪಟಪಟನೆ ಎರಡು ಕಡೆ ಒತ್ತಿ ಗಟ್ಟಿಮೇಳವನ್ನು ಬುಡಸಮೇತ ತೆಗೆದುಬಿಟ್ಟರು. ಬದರೀನಾರಾಯಣರು ಹೆಂಡತಿಯನ್ನೇ ನೋಡುತ್ತ ಕುಳಿತರು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ, ಈಕೆಯ ಪುಟದ ಕೆಳಗೆ ಏನು ಬರೆದಿದೆಯೆಂದು ತಾನು ಓದಿಯೇ ಇಲ್ಲವಲ್ಲ ಎಂದುಕೊಂಡರು. ಮೊಣಕಾಲು ನೋಯದಿದ್ದರೆ ಅವರು ಆ ದಿನ ಎರಡನೇ ಸಲ ಸಾಷ್ಟಾಂಗ ಹಾಕುತ್ತಿದ್ದುದರಲ್ಲಿ ಅನುಮಾನವಿಲ್ಲ.

ಮಾರನೆಯ ಬೆಳಿಗ್ಗೆ ಹಜಾರ ತುಂಬ ಜನ. ಕುರ್ಚಿ ಸಾಲದೆ ವರಾಂಡದಲ್ಲೂ ನಿಂತಿದ್ದರು. ಪರದೆಯ ಮೇಲೆ ಯಾವುದೋ ಹುಡುಗಿಯ ಫೋಟೊ ಬಹಳ ಹೊತ್ತಿನಿಂದ ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಕಂಪ್ಯೂಟರು ಮೆಲ್ಲಗೆ ‘ಟಿಂಗ್’ ಎಂದಿತು. ಜನ ನಿರಾಸೆಯಿಂದ ಎದ್ದುಹೋಗುತ್ತಾರೆ ಎಂದುಕೊಂಡು ಬದರೀನಾರಾಯಣರು ಕಾಫಿ ತಟ್ಟೆಯೊಡನೆ ಬಂದರು. ಯಾರೂ ಏಳಲಿಲ್ಲ. ಆ ಟಿಂಗನ್ನು ಯಾರೂ ಕಿವಿಗೇ ಹಾಕಿಕೊಂಡಿರಲಿಲ್ಲ. ಅಷ್ಟೂ ಜನ ಕಂಪ್ಯೂಟರನ್ನು ಬಿಟ್ಟು ಅವರನ್ನೇ ನೋಡುತ್ತಿದ್ದರು.

“ಇವರೇನಾ?” ಎಂದು ಮುಂದಿನ ಸಾಲಿನ ಹೆಂಗಸೊಬ್ಬರು ಗಂಡನನ್ನು ಕೇಳಿದರು.

“ಇವರೇ. ಮಲ್ಲೇಶ್ವರದ ವೇಣುಗೋಪಾಲರಾಯರು ಕಣ್ಣಾರೆ ನೋಡಿದಾರೆ. ಸಂಬಂಧ ಕೂಡೋದಿದ್ರೆ ಇವರಿಗೆ ಮೈಮೇಲೆ ಬಂದು ಅಡ್ಡ ಬೀಳ್ತಾರಂತೆ. ಕೂಡದಿದ್ರೆ ನಿಂತೇ ಇರ್ತಾರಂತೆ.”

ಬದರೀನಾರಾಯಣರು ಸಹಾಯಕ್ಕೆಂದು ಹೆಂಡತಿಯ ಕಡೆ ನೋಡಿದರು. ಗಿರಿಜಾಂಬಾ ಗಂಭೀರವಾಗಿ ಪಂಚಾಂಗದ ಹಾಳೆ ತಿರುವುತ್ತಿದ್ದರು. ಗಾಬರಿಯಲ್ಲಿ ಬದರೀನಾರಾಯಣರ ಕೈಯಲ್ಲಿದ್ದ ತಟ್ಟೆ ವಾಲಿ, ಅದರಿಂದ ಒಂದು ಚಮಚ ಜಾರಿ ಠಣ್ಣನೆ ನೆಲಕ್ಕೆ ಬಿತ್ತು. ಅಭ್ಯಾಸಬಲದಿಂದ ಅವರು ಅದನ್ನು ಎತ್ತಿಕೊಳ್ಳಲು ಬಾಗಿದರು. ಹಜಾರದ ಉಸಿರು ನಿಂತಿತು. ಮುಂದಿನ ಸಾಲಿನ ಹೆಂಗಸಿನ ಎರಡೂ ಕೈಗಳು ಜೋಡಿದವು. ಅದು ಕಣ್ಣಿಗೆ ಬಿದ್ದದ್ದೇ ಬದರೀನಾರಾಯಣರು ನಡುದಾರಿಯಲ್ಲಿ ಗಕ್ಕನೆ ನಿಂತರು. ಇನ್ನು ಬಗ್ಗುವ ಧೈರ್ಯವಿಲ್ಲ, ನೆಟ್ಟಗಾಗಲು ಮೊಣಕಾಲು ಬಿಡುತ್ತಿಲ್ಲ.

“ಅರ್ಧಕ್ಕೆ ನಿಂತುಬಿಟ್ರು ನೋಡಿ,” ಎಂದು ಹಿಂದಿನಿಂದ ಯಾರೋ ಮೆಲ್ಲಗೆ ಹೇಳಿದರು. “ಜಾತಕದಲ್ಲಿ ಎಲ್ಲೋ ಸ್ವಲ್ಪ ದೋಷ ಇರಬೇಕು.”